ಹಿಟ್ಟಿನ ವ್ಯಾನಿಗೆ ನಾನು ಹಿಡಿದ ಪೈಪು

ಅಂಗೈಯಗಲದ ಒಂದು ಕರಿ ಪ್ಲಾಸ್ಟಿಕ್ ಡಬ್ಬಿಯ ಮೇಲೆ ನಾನು ಮಾಡಿಕೊಂಡಷ್ಟು ಸಿಟ್ಟನ್ನು ಯಾವ ಮನುಷ್ಯನೂ ಮಾಡಿಕೊಂಡಿರಲಾರ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಈಗ ಅದು ಡಬ್ಬಿಯ ಮೇಲಿಲ್ಲ. ಇರಬೇಕಾದ ಕಡೆ ಇದೆ.

ನನ್ನದು ದೋಸೆ ಹಿಟ್ಟಿನ ವ್ಯಾಪಾರವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದೆ. ಅದು ಮುಚ್ಚಿದ ಮೇಲೆ ರಾಜಾಜಿನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಗ್ರೈಂಡರುಗಳನ್ನಿಟ್ಟು ಹಿಟ್ಟು ರುಬ್ಬಲು ಕುಳಿತೆ. ವಿಜಯನಗರ, ಬಸವೇಶ್ವರನಗರದ ಸಣ್ಣ ಹೋಟೆಲುಗಳಿಗೂ ದಿನಸಿ ಅಂಗಡಿಗಳಿಗೂ ಬೆಳಗಾಗುವಷ್ಟರಲ್ಲಿ ನಮ್ಮ ಹಿಟ್ಟು ಮುಟ್ಟಬೇಕು. ಹೆಂಡತಿ ಅಕ್ಕಿ, ಉದ್ದಿನ ಲೆಕ್ಕ ನೋಡಿಕೊಳ್ಳುತ್ತಿದ್ದಳು. ನಾನು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದೆ. ಹಿಟ್ಟು ಸಾಗಿಸಲು ಒಂದು ವ್ಯಾನಿತ್ತು.

ಹಿಟ್ಟಿನ ವ್ಯಾನೆಂದರೆ ಅದು ಬೇರೆ ಸಾಮಾನು ಹೊರುವ ವ್ಯಾನಿನಂತಲ್ಲ. ರಸ್ತೆಯ ಪ್ರತಿ ಹಂಪಿನಲ್ಲೂ ಡ್ರಮ್ಮಿನ ಮುಚ್ಚಳದ ಸಂದಿಯಿಂದ ಒಂದಿಷ್ಟು ತುಳುಕುತ್ತದೆ. ತುಳುಕಿದ್ದು ಸೀಟಿನ ಕೆಳಗೆ, ಮ್ಯಾಟಿನ ಅಡಿಗೆ ಹರಿದು ಅಲ್ಲೇ ಹುಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಾಗಿಲು ತೆಗೆದರೆ ಮೂಗು ಹಿಡಿಯಬೇಕು. ಹಾಗಾಗಿ ನಮ್ಮಲ್ಲಿ ವ್ಯಾನನ್ನು ಒರೆಸುವ ಪದ್ಧತಿಯೇ ಇರಲಿಲ್ಲ, ತೊಳೆಯುವುದೇ. ಹಳೆಯ ಡೀಸೆಲ್ ವ್ಯಾನಿಗೆ ವರ್ಷಗಟ್ಟಲೆ ಒಳಗೂ ಹೊರಗೂ ಪೈಪು ಹಿಡಿದಿದ್ದೇನೆ. ಆಯುಧ ಪೂಜೆಯ ದಿನವಂತೂ ಡ್ಯಾಶ್‌ಬೋರ್ಡು, ಸೀಟು, ಪೆಡಲು ಯಾವುದನ್ನೂ ಬಿಡುತ್ತಿರಲಿಲ್ಲ. ಆಮೇಲೆ ಹೂವು, ನಿಂಬೆಹಣ್ಣು, ಕುಂಬಳಕಾಯಿ. ಕೊನೆಗೆ ದೃಷ್ಟಿ ತೆಗೆಯಲು ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ಓಕುಳಿ ನೀರು. ಎಲ್ಲರೂ ಅದನ್ನು ನಿವಾಳಿಸಿ ಚಕ್ರದ ಬುಡಕ್ಕೆ ಚೆಲ್ಲುತ್ತಾರೆ. ನಾನು ಒಂದು ಚೊಂಬಿನಷ್ಟನ್ನು ಗಾಡಿಯ ಒಳಗೂ ಸುರಿಯುತ್ತಿದ್ದೆ. ಅನ್ನ ಹೊರುವ ಗಾಡಿ, ಒಳಗಿನ ದೃಷ್ಟಿಯೂ ಹೋಗಲಿ ಎಂದು. ಆ ಹಳೆಯ ವ್ಯಾನು ಒಂದು ದಿನವೂ ಗೊಣಗಲಿಲ್ಲ.

ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ ಹೊಸ ವ್ಯಾನು ತೆಗೆದುಕೊಂಡೆ. ಅದರ ಜೊತೆಗೇ ಡ್ರೈವರೂ ಬಂದ. ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು. ಸುಂಕದಕಟ್ಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹಿಟ್ಟು ತುಳುಕದ ಹಾಗೆ ಹಂಪು ದಾಟಿಸುವ ಡ್ರೈವರನ್ನು ಅವನಿಗಿಂತ ಮುಂಚೆ ನಾನು ಕಂಡಿರಲಿಲ್ಲ. ಹಾಡು ಕೇಳುತ್ತಾ ಓಡಿಸುವುದು ಅವನಿಗೆ ಇಷ್ಟ. ನನ್ನನ್ನು ಕೇಳಿಯೇ ಒಂದು ಹಳೆಯ ಸ್ಟೀರಿಯೋ ತಂದು ಹಾಕಿಸಿಕೊಂಡ. 'ಹಾಕ್ಸಿಕೋಪ್ಪ, ಅದಕ್ಕೇನು' ಎಂದಿದ್ದೆ. ಈ ಮಾತು ನೆನಪಿನಲ್ಲಿರಲಿ.

ಆ ವರ್ಷದ ಆಯುಧ ಪೂಜೆಗೆ ನಾನು ಪೈಪು ಹಿಡಿದು ವ್ಯಾನಿನ ಬಾಗಿಲು ತೆಗೆದಾಗ ಅವನು ಓಡಿ ಬಂದ.

"ಒಳಗ ಪೈಪ್ ಹಿಡಿಬ್ಯಾಡ್ರಿ ಮಾಲಕ್ರ. ಇದು ಹಳಿ ಗಾಡಿ ಹಂಗ ಅಲ್ರಿ, ಎಲ್ಲಾ ಕರೆಂಟಿನ ಮ್ಯಾಲ ಐತಿ. ನಾ ಬಟ್ಟಿಲೆ ಒರಸ್ತೀನಿ, ಸ್ವಲ್ಪ ತಡೀರಿ."

"ಲೋ, ನೀನು ಸ್ಟೀರಿಂಗ್ ಹಿಡಿಯೋಕೆ ಮುಂಚಿಂದ ನಾನು ಗಾಡಿ ತೊಳೀತಾ ಇದೀನಿ ಕಣೋ. ಬಟ್ಟೇಲಿ ಒರೆಸಿದ್ರೆ ಹುಳಿ ವಾಸನೆ ಹೋಗುತ್ತಾ?"

"ಹೋಗ್ತದ್ರಿ, ಸೋಡಾ ಪುಡಿ ಹಾಕಿ ತಿಕ್ಕಿದ್ರ."

"ಹಬ್ಬದ ದಿನ ಅಡ್ಡ ಬಾಯಿ ಹಾಕ್ಬೇಡ. ಸರಿ ಆ ಕಡೆ."

ಅವನು ಸರಿದು ನಿಂತ. ನಾನು ತೊಳೆದೆ. ಅವನು ಬೇಡವೆಂದಿದ್ದಕ್ಕೇ ಇನ್ನಷ್ಟು ತೊಳೆದೆನೆಂದು ಈಗ ಹೇಳುತ್ತೇನೆ. ಡ್ಯಾಶ್‌ಬೋರ್ಡಿನ ಎಡಗಡೆ, ಪಕ್ಕದಲ್ಲಿ ಕೂರುವವರು ಕಾಲಿಡುವ ಮೂಲೆಯಲ್ಲಿ ಹಿಟ್ಟು ಗಟ್ಟಿ ಕಟ್ಟಿತ್ತು. ಅಲ್ಲಿಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸವಾಗಿ ಹಾಯಿಸಿದೆ. ಪೂಜೆಯಾದ ಮೇಲೆ ಓಕುಳಿಯ ಚೊಂಬನ್ನೂ ಅದೇ ಮೂಲೆಗೆ ಬಗ್ಗಿಸಿದೆ. ನನ್ನ ಹೆಂಡತಿ ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವನು ಹೇಳಿದ್ದನ್ನೂ ಕೇಳಿಸಿಕೊಂಡಿದ್ದಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ವ್ಯಾನಿಗೆ ಹುಚ್ಚು ಹಿಡಿಯಿತು. ಮೊದಲು ಇಂಡಿಕೇಟರು ತನ್ನಷ್ಟಕ್ಕೆ ಮಿಣುಕತೊಡಗಿತು. ಆಮೇಲೆ ಒಳಗಿನ ದೀಪ ಆರಲೇ ಇಲ್ಲ. ಒಂದು ದಿನ ಹೊತ್ತೇರಿದ ಮೇಲಿನ ಎರಡನೇ ಸುತ್ತಿನಲ್ಲಿ ಬಸವೇಶ್ವರನಗರದ ಒಂದು ದರ್ಶಿನಿಯ ಮುಂದೆ ಡ್ರೈವರು ಇಳಿದು ಹಿಂದಿನ ಬಾಗಿಲು ತೆಗೆಯಲು ಹೋಗುವಷ್ಟರಲ್ಲಿ ನಾಲ್ಕೂ ಬಾಗಿಲು ಟಪ್ಪೆಂದು ಲಾಕಾದವು. ಕೀ ಒಳಗೆ, ಹಿಟ್ಟು ಒಳಗೆ, ಅವನು ಹೊರಗೆ. ಒಳಗೆ ಕಾವಲಿ ಕಾದು ಹೊಗೆಯಾಡುತ್ತಿದ್ದ ದರ್ಶಿನಿಯವರು ನನಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದರು. ನಾನು ಇನ್ನೊಂದು ಕೀ ಹಿಡಿದು ಸ್ಕೂಟರಿನಲ್ಲಿ ಹೋದೆ.

ಅಲ್ಲಿ ಒಂದು ಜಾತ್ರೆಯೇ ನೆರೆದಿತ್ತು. ಸುಡು ಬಿಸಿಲಿನಲ್ಲಿ ವೈಪರು ಒಣ ಗಾಜನ್ನು ಕರಕರ ಎಂದು ಒರೆಸುತ್ತಿತ್ತು. ಬಿಸಿಗೆ ಹಿಟ್ಟು ಉಬ್ಬಿ ಡ್ರಮ್ಮಿನ ಮುಚ್ಚಳಗಳನ್ನು ಎತ್ತಿಕೊಂಡು ಹೊರಗೆ ಬರುತ್ತಿರುವುದು ಗಾಜಿನಿಂದ ಕಾಣುತ್ತಿತ್ತು.

"ಅಂಕಲ್, ನಿಮ್ ವ್ಯಾನ್‌ಗೆ ಮಾತ್ರ ಮಳೆ ಬರ್ತಾ ಇದೆಯಾ?" ಎಂದು ಕಾಫಿ ಲೋಟ ಹಿಡಿದ ಒಬ್ಬ ಕೇಳಿದ.

"ಸ್ವಲ್ಪ ಹೊತ್ತು ಹಂಗೇ ಬಿಡಿ ಗುರು, ಒಳಗೇ ಇಡ್ಲಿ ಬೆಂದು ಬರುತ್ತೆ" ಎಂದ ಅವನ ಜೊತೆಗಾರ.

ನಾನು ಕೀ ಹಾಕಿ ತಿರುಗಿಸಿದೆ. ಬಾಗಿಲು ತೆರೆಯಿತು, ಜೊತೆಗೆ ಹಾರ್ನು ಕೂಗಲು ಶುರುವಾಯಿತು. ನಿಲ್ಲಲೇ ಇಲ್ಲ. ಕೊನೆಗೆ ಡ್ರೈವರು ಬ್ಯಾಟರಿಯ ವೈರು ಕಿತ್ತ ಮೇಲೆ ಬಾಯಿ ಮುಚ್ಚಿತು. ಅಷ್ಟು ಜನರ ನಗುವಿನ ನಡುವೆ ನನ್ನ ಕಿವಿ ಬಿಸಿಯಾಗಿತ್ತು.

ಮೈಸೂರು ರಸ್ತೆಯ ಸರ್ವೀಸ್ ಸೆಂಟರಿಗೆ ಒಯ್ದೆವು. ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲವೆಂದು ಅವನನ್ನು ಗೇಟಿನ ಹತ್ತಿರವೇ ನಿಲ್ಲಿಸಿದರು. ಟೈ ಕಟ್ಟಿದ ಸೂಪರ್‌ವೈಸರು ಲ್ಯಾಪ್‌ಟಾಪಿಗೆ ವೈರು ಚುಚ್ಚಿ ನೋಡಿ ತಲೆಯಾಡಿಸಿದ.

"ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿದೆ ಸಾರ್. ಲೈಟು, ವೈಪರ್ರು, ಹಾರ್ನು, ಲಾಕು ಎಲ್ಲಾ ಅದರ ಮಾತೇ ಕೇಳೋದು."

"ಹಾರ್ನಿಗೂ ವೈಪರಿಗೂ ಏನ್ರೀ ಸಂಬಂಧ? ನನ್ನ ಹಳೇ ಗಾಡೀಲಿ ಹಾರ್ನ್ ಕೆಟ್ರೆ ಹಾರ್ನ್ ಕೆಡ್ತಿತ್ತು, ಅಷ್ಟೆ!"

"ಇದು ಹಂಗಲ್ಲ ಸಾರ್."

"ಸರಿ, ರಿಪೇರಿ ಮಾಡಿ."

"ರಿಪೇರಿ ಇಲ್ಲ ಸಾರ್. ಹೊಸದೇ ಹಾಕ್ಬೇಕು. ಆರ್ಡರ್ ಕೊಟ್ರೆ ಬರುತ್ತೆ."

ಅಲ್ಲಿ ನಾನು ಕೂಗಾಡಿದ್ದನ್ನು ಪೂರ್ತಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಎಲ್ಲ ತಿಳಿದ ಈಗಲೂ ಆ ಸಿಟ್ಟಿನಲ್ಲಿ ಒಂದಿಷ್ಟು ನ್ಯಾಯವಿತ್ತೆಂದೇ ನನ್ನ ಎಣಿಕೆ, ಅದನ್ನು ಬಿಟ್ಟುಕೊಡಲಾರೆ. ಇಡೀ ಗಾಡಿಯ ಜೀವವನ್ನು ಒಂದು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಜನ ಕೆಸರುಗಾಲಿಡುವ ಮೂಲೆಯಲ್ಲಿ ಕೂರಿಸಿ, ಒಳಗೆ ನೀರು ಹಾಕಬೇಡಿ ಎಂದು ಗಾಡಿ ಮಾರುವಾಗ ಒಂದು ಮಾತು ಹೇಳುವುದು ಬೇಡವೇ? ಈ ಊರಿನಲ್ಲಿ ಆಯುಧ ಪೂಜೆ ನಡೆಯುತ್ತದೆಂದು ಅವರಿಗೆ ಗೊತ್ತಿಲ್ಲವೇ? ಆದರೆ ಇನ್ನೊಂದೂ ನಿಜ. ಅವರು ಹೇಳಲಿಲ್ಲ, ಹೇಳಿದವನು ಗೇಟಿನ ಹೊರಗೆ ನಿಂತಿದ್ದ.

ಹಾಳಾದುದನ್ನು ತೋರಿಸದೆ ಹೊಸದು ಹಾಕಲು ಒಪ್ಪುವುದಿಲ್ಲವೆಂದು ನಾನು ಹಟ ಹಿಡಿದದ್ದಕ್ಕೆ ನನ್ನನ್ನು ಒಳಗೆ ಕರೆದರು. ಮೆಕ್ಯಾನಿಕ್ಕು ಬ್ಯಾಟರಿ ಬಿಚ್ಚಿ, ಎಡ ಮೂಲೆಯ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ತೆಗೆದು, ಹಿಂದಿನಿಂದ ಒಂದು ಕರಿ ಡಬ್ಬಿಯನ್ನು ಎಳೆದ. ಅದಕ್ಕೆ ಚುಚ್ಚಿದ್ದ ವೈರಿನ ಗೊಂಚಲುಗಳನ್ನು ಒಂದೊಂದಾಗಿ ಬಿಡಿಸಿದ. ಡಬ್ಬಿಯ ಮುಚ್ಚಳ ಮೀಟಿ ತೆಗೆದಾಗ ನಾನು ಬಗ್ಗಿ ನೋಡಿದೆ. ಪಿನ್ನುಗಳು ಹಸಿರು ಕಿಲುಬು ಹಿಡಿದಿದ್ದವು. ಅವುಗಳ ಸುತ್ತ ಕೆಂಪಗೆ ಒಣಗಿದ ಕಲೆ. ಕುಂಕುಮದ ಕೆಂಪಲ್ಲ, ಸುಣ್ಣ ಬಿದ್ದ ಅರಿಶಿನದ ಕೆಂಪು. ಆ ಬಣ್ಣ ನನಗೆ ಹುಟ್ಟಿದಾಗಿನಿಂದ ಗೊತ್ತು.

"ನೀರು ಇಳಿದಿದೆ ಸಾರ್. ಒಳಗೆಲ್ಲಾ ವಾಶ್ ಮಾಡಿಸ್ತೀರಾ?" ಎಂದು ಮೆಕ್ಯಾನಿಕ್ಕು ಕೇಳಿದ.

"ಇಲ್ಲಪ್ಪ" ಎಂದೆ.

ಅಷ್ಟು ಸಲೀಸಾಗಿ ಬಂತು. ಪಕ್ಕದಲ್ಲೇ ಸ್ಟೀರಿಯೋದ ವೈರಿಗೆ ಟೇಪು ಸುತ್ತಿದ್ದ ಜಾಯಿಂಟು ಕಾಣುತ್ತಿತ್ತು. "ಇದರಿಂದ ಆಗಿರಬಹುದಾ?" ಎಂದು ನಾನೇ ಕೇಳಿದೆ. ಮೆಕ್ಯಾನಿಕ್ಕು ಅದನ್ನು ನೋಡಿ, "ಅದರ ಲೈನೇ ಬೇರೆ ಸಾರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದ. ಹೀಗೆ, ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡೇ ನಾನು ಗೇಟಿನ ಹೊರಗೆ ಬಂದೆ. ಹಳೆಯ ಡಬ್ಬಿ ಕೈಯಲ್ಲಿತ್ತು. ಬಿಸಾಡಲು ಮನಸ್ಸಾಗದೆ ಪೇಪರಿನಲ್ಲಿ ಸುತ್ತಿಸಿಕೊಂಡು ಬಂದಿದ್ದೆ.

ಅವನು ಮರದ ನೆರಳಿನಿಂದ ಎದ್ದು ಬಂದ. "ಏನಂದ್ರು ಮಾಲಕ್ರ? ನೀರು ಹೋಗಿತ್ತೇನ್ರಿ?"

ಆ ಕೊನೆಯ ಪ್ರಶ್ನೆ ಅವನು ಕೇಳದೆ ಇದ್ದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಸಂಬಳ ಕೊಡುವವನು ನಾನು, ಅವನು ಸರಿ, ನಾನು ತಪ್ಪು ಎಂಬುದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

"ನೀರಲ್ಲ. ನಿನ್ನ ಸ್ಟೀರಿಯೋ. ಸಿಕ್ಕ ಸಿಕ್ಕ ವೈರಿಗೆ ಜಾಯಿಂಟ್ ಹಾಕ್ಸಿ ಗಾಡಿ ಸುಟ್ಟೆ."

ಅವನು ಕೂಗಾಡಲಿಲ್ಲ. "ನೀವ ಹಾಕ್ಸಿಕೋ ಅಂದಿದ್ರಲ್ರಿ" ಎಂದಷ್ಟೇ ಹೇಳಿದ. "ಹಾಕ್ಸಿಕೋ ಅಂದೆ, ಹಾಳ್ ಮಾಡು ಅಂದ್ನಾ?" ಎಂದೆ. ಎಂಥ ಜಾಣ ಮಾತು! ಈಗ ಬರೆಯುವಾಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ಹೊಸ ಡಬ್ಬಿ ಬರುವವರೆಗೂ ಹಿಟ್ಟನ್ನು ಆಟೋಗಳಲ್ಲಿ ಸಾಗಿಸಿದೆವು. ಅವನೇ ಡ್ರಮ್ಮುಗಳನ್ನು ತೊಡೆಯ ನಡುವೆ ಹಿಡಿದು ಕೂತು ಹೋದ. ಹೊಸದು ಬಂದು, ಕೂರಿಸಿ, ಲ್ಯಾಪ್‌ಟಾಪಿನಿಂದ ಅದಕ್ಕೆ ನಮ್ಮ ಕೀಗಳ ಗುರುತು ಹತ್ತಿಸಿ ಕೊಟ್ಟರು. ವ್ಯಾನು ಮನೆಗೆ ಬಂದ ದಿನ ಅವನು ತನ್ನ ಸ್ಟೀರಿಯೋ ಬಿಚ್ಚಿ ಟವೆಲ್ಲಿನಲ್ಲಿ ಕಟ್ಟಿಕೊಂಡು, ಕೀಯನ್ನು ಹಿಟ್ಟಿನ ಡ್ರಮ್ಮಿನ ಮುಚ್ಚಳದ ಮೇಲಿಟ್ಟು, "ಬರ್ತೀನ್ರಿ ಅಕ್ಕಾರ" ಎಂದು ನನ್ನ ಹೆಂಡತಿಗೆ ಮಾತ್ರ ಹೇಳಿ ಹೋದ.

ಇಷ್ಟಕ್ಕೇ ನಿಂತಿದ್ದರೆ ಇದು ಮಾಲೀಕನೊಬ್ಬನ ದರ್ಪದ ಕತೆಯಾಗಿ ಮುಗಿಯುತ್ತಿತ್ತು. ಮಾಗಡಿ ರಸ್ತೆಯಲ್ಲಿ ಒಂದು ಟೀ ಅಂಗಡಿಯಿದೆ. ಬಾಡಿಗೆ ವ್ಯಾನು, ಪಿಕಪ್ಪು ಇಟ್ಟುಕೊಂಡ ನಾವೆಲ್ಲ ಬೆಳಗಿನ ಕೆಲಸ ಮುಗಿಸಿ ಅಲ್ಲಿ ಸೇರುತ್ತಿದ್ದೆವು. ಡ್ರೈವರು ಬೇಕಾದರೆ ವಿಚಾರಿಸುವುದೂ ಅಲ್ಲೇ, ಬೇಡವಾದ ಡ್ರೈವರ ಹೆಸರು ಕೆಡುವುದೂ ಅಲ್ಲೇ. ನಾನು ಅಲ್ಲಿ ಕೂತು ಹಾರ್ನಿನ ಕತೆ, ವೈಪರಿನ ಕತೆ ರಸವತ್ತಾಗಿ ಹೇಳಿದೆ. ಎಲ್ಲರೂ ನಕ್ಕರು. ದರ್ಶಿನಿಯ ಮುಂದೆ ನನ್ನ ಮೇಲೆ ಬಿದ್ದಿದ್ದ ನಗುವನ್ನು ಅಲ್ಲಿ ಅವನ ಮೇಲೆ ಇಳಿಸಿ ಹಗುರವಾದೆ. ಕೆಲವು ತಿಂಗಳ ಮೇಲೆ ನಾಗರಭಾವಿಯ ಪಿಕಪ್ ಮಾಲೀಕರೊಬ್ಬರು ಫೋನು ಮಾಡಿ, "ನಿಮ್ಮತ್ರ ಇದ್ದೋನಂತೆ, ಕೆಲಸ ಕೇಳ್ಕೊಂಡು ಬಂದಿದಾನೆ. ಹೆಂಗೆ?" ಎಂದರು.

"ಓಡ್ಸೋದು ಚೆನ್ನಾಗಿ ಓಡಿಸ್ತಾನೆ. ಆದ್ರೆ ವೈರಿಗೆ ಕೈ ಹಾಕ್ತಾನೆ" ಎಂದೆ.

"ಅಯ್ಯೋ, ಬೇಡಪ್ಪ ಹಂಗಾದ್ರೆ" ಎಂದು ಅವರು ಫೋನಿಟ್ಟರು. ಒಬ್ಬ ಮನುಷ್ಯನ ಅನ್ನ ಅಷ್ಟರಲ್ಲಿ ಮುಗಿದಿತ್ತು.

ಮುಂದಿನ ಆಯುಧ ಪೂಜೆ ಬಂತು. ಹೊಸ ಡ್ರೈವರಿಗೆ ಹೊರಗೆ ತೊಳೆಯಲು ಹೇಳಿ, ನಾನು ಒಳಗೆ ಬಕೆಟ್ಟು, ಬಟ್ಟೆ, ಸೋಡಾ ಪುಡಿ ಹಿಡಿದು ಕೂತೆ. ಮಂಡಿಯೂರಿ ಎಡ ಮೂಲೆಯನ್ನು ಒರೆಸುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತಳು.

"ಇದೇನು, ಈ ಸಲ ಪೈಪಿಲ್ವಾ?"

ನಾನು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದೆ.

"ಓಕುಳಿ?"

"ಚಕ್ರಕ್ಕೆ ಹಾಕಿದ್ರೆ ಸಾಕು."

ಅವಳು ಬಕೆಟ್ಟನ್ನೂ ಸೋಡಾ ಪುಡಿಯನ್ನೂ ನೋಡಿದಳು. ಆಮೇಲೆ ಅವಳಿಗೆ ಬಂದ ಸಿಟ್ಟನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. "ಅಂದ್ರೆ ನಿಮಗೆ ಗೊತ್ತಿತ್ತು! ಆವತ್ತೇ ಗೊತ್ತಿತ್ತು! ಸೋಡಾ ಪುಡಿ ಹಾಕಿ ತಿಕ್ಕು ಅಂತ ಅವನು ಹೇಳಿದ್ನಲ್ಲ, ಈಗ ಅದನ್ನೇ ಮಾಡ್ತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಸ್ಟೀರಿಯೋನೇ ಕಾರಣ ಅನ್ನೋ ನಿಮ್ಮ ಮಾತು ನಾನೂ ನಂಬಿ ಆ ಮನುಷ್ಯನ್ನ ತಡೀದೆ ಕಳಿಸಿಬಿಟ್ಟೆ." ಆರತಿ ತಟ್ಟೆಯನ್ನು ಬಾನೆಟ್ಟಿನ ಮೇಲೆ ಕುಕ್ಕಿ ಒಳಗೆ ಹೋದಳು. ಆ ವರ್ಷ ನಮ್ಮ ವ್ಯಾನಿಗೆ ಆರತಿಯಾಗಲಿಲ್ಲ.

ಹಬ್ಬ ಮುಗಿದ ಮೇಲೆ ನಾನು ಸುಂಕದಕಟ್ಟೆಗೆ ಹೋದೆ. ವಠಾರದಲ್ಲಿ ವಿಚಾರಿಸಿದರೆ ಹತ್ತಿರದ ಹಾರ್ಡ್‌ವೇರ್ ಅಂಗಡಿ ತೋರಿಸಿದರು. ಅವನು ಸಿಮೆಂಟ್ ಮೂಟೆ ಇಳಿಸುತ್ತಿದ್ದ. ಕೂದಲು, ಹುಬ್ಬು ಎಲ್ಲ ಬೂದಿಯಂತಾಗಿತ್ತು. ಹಂಪಿನ ಮೇಲೆ ಹಿಟ್ಟು ತುಳುಕದಂತೆ ಗಾಡಿ ದಾಟಿಸುತ್ತಿದ್ದ ಕೈ ಅದು. ನನ್ನನ್ನು ನೋಡಿ ಮೂಟೆ ಇಳಿಸಿ ನಿಂತ. ನಾನು ಹೇಳಬೇಕಾದ್ದನ್ನು ಹೇಳಿದೆ. ನೀರೇ ಹೋಗಿತ್ತು, ನಾನೇ ಹಿಡಿದ ಪೈಪು, ಅವತ್ತೇ ನನಗೆ ಗೊತ್ತಿತ್ತು, ತಪ್ಪಾಯಿತು ಎಂದೆ. ಕೈ ಮುಗಿದೆ. ಅವನು ಕರಗುತ್ತಾನೆಂದು ನಿರೀಕ್ಷಿಸಿದ್ದೆ. ಹಿರಿಯರು ಕೈ ಮುಗಿದರೆ ಎಲ್ಲರೂ 'ಬಿಡ್ರಿ, ಬಿಡ್ರಿ' ಎನ್ನುತ್ತಾರಲ್ಲ.

"ನನಗ್ಯಾಕ ಹೇಳ್ತೀರಿ?" ಎಂದ ಅವನು. "ನನಗ ಗೊತ್ತಿಲ್ಲೇನು ನನ್ನ ತಪ್ಪಲ್ಲಂತ? ಟೀ ಅಂಗಡ್ಯಾಗ ಕುಂತು ಯಾರ ಮುಂದ ಹೇಳಿದ್ರಿ, ಅವರ ಮುಂದ ಹೇಳ್ರಿ. ಎಲ್ಲಿ ಹೋದ್ರೂ 'ವೈರ್ ಸುಡಾಂವ ಬಂದ' ಅಂತಾರ. ಒಂದು ವರ್ಷಾತು ಸ್ಟೇರಿಂಗ್ ಮುಟ್ಟಿ."

"ಹೇಳ್ತೀನಿ" ಎಂದೆ.

"ಹೇಳಿದ ಮ್ಯಾಲ ಬರ್ರಿ" ಎಂದು ಮತ್ತೊಂದು ಮೂಟೆಗೆ ಹೆಗಲು ಕೊಟ್ಟ.

ಮಾರನೆಯ ದಿನ ಪೇಪರಿನಲ್ಲಿ ಸುತ್ತಿಟ್ಟಿದ್ದ ಹಳೆಯ ಡಬ್ಬಿ ತೆಗೆದುಕೊಂಡು ಟೀ ಅಂಗಡಿಗೆ ಹೋದೆ. ಬೆಂಚಿನ ಮೇಲಿಟ್ಟು ಮುಚ್ಚಳ ತೆಗೆದು ಎಲ್ಲವನ್ನೂ ಹೇಳಿದೆ.  ಅವರ ಮುಖದಲ್ಲಿ ಏನೂ ಆಗಲಿಲ್ಲ.

"ಯಾವ ಡ್ರೈವರ್ರು?" ಎಂದರು ಒಬ್ಬರು.

"ಅದೇ, ಸ್ಟೀರಿಯೋ ಹಾಕಿ ವ್ಯಾನ್ ಸುಟ್ನಲ್ಲ, ಅವನು" ಎಂದರು ಇನ್ನೊಬ್ಬರು.

"ಸುಟ್ಟಿಲ್ಲ! ಅದನ್ನೇ ಹೇಳ್ತಾ ಇರೋದು ನಾನು!"

"ಆಯ್ತು ಬಿಡಿ ಯಜಮಾನ್ರೇ, ಹಳೇ ಕತೆ. ದೇವರ ಓಕುಳಿಗೆಲ್ಲ ಯಾಕೆ ದೋಷ ಹೇಳ್ತೀರಾ? ಟೀ ತಗೊಳಿ."

"ಓಕುಳಿಗೆ ಹೇಳ್ತಿಲ್ಲ ರೀ. ನನಗೆ ಹೇಳ್ಕೊತಿದೀನಿ. ಸುಳ್ಳು ಹೇಳಿದ್ದು ನಾನು!" ನಾನು ಕೂಗಿದ್ದಕ್ಕೆ ಟೀ ಸೋಸುತ್ತಿದ್ದವನ ಕೈ ನಿಂತಿತು. ನನ್ನ ಸುಳ್ಳನ್ನು ಅವರು ಒಂದೇ ಸಲಕ್ಕೆ ನಂಬಿ ವರ್ಷವಿಡೀ ಹೊತ್ತು ತಿರುಗಿದ್ದರು. ನಿಜವನ್ನು ತೆಗೆದುಕೊಳ್ಳಲು ಒಬ್ಬನ ಕೈಯೂ ಖಾಲಿಯಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆದರೆ ಯಾರ ಮೇಲೆ ಉರಿಯಲಿ? ಆ ರುಚಿ ಹತ್ತಿಸಿದವನು ನಾನೇ.

ಅಲ್ಲಿಂದಲೇ ಹಾರ್ಡ್‌ವೇರ್ ಅಂಗಡಿಗೆ ಫೋನು ಮಾಡಿ ಅವನನ್ನು ಕರೆಸಿ, ಹೇಳಿದೆನೆಂದೆ.

"ನಾಗರಭಾವಿ ಪಿಕಪ್ಪಿನವರು ಇದ್ರೇನ್ರಿ?"

"ಅವರು ಇರ್ಲಿಲ್ಲ."

"ಮತ್ತ ಹೇಳಿದಂಗ ಹೆಂಗಾತು?" ಎಂದು ಇಟ್ಟುಬಿಟ್ಟ.

ಸರಿಯಾದ ಮಾತು. ಆ ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ನಾಗರಭಾವಿಗೆ ಹೋದೆ. ಪಿಕಪ್ಪಿನ ಮಾಲೀಕರು ಮನೆಯ ಮುಂದೆ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಹೊಸ ಪಿಕಪ್ಪು. ಎರಡೂ ಬಾಗಿಲು ತೆರೆದಿತ್ತು. ಅವರ ಕೈಯಲ್ಲಿ ಪೈಪಿತ್ತು. ನೀರು ಡ್ಯಾಶ್‌ಬೋರ್ಡಿನಿಂದ ಇಳಿದು ಎಡ ಮೂಲೆಗೆ ಹರಿಯುತ್ತಿತ್ತು.

ನಾನು ಸ್ಕೂಟರಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ, ಗೋಡೆಗೆ ಒರಗಿಸಿ ಓಡಿ ಹೋಗಿ ನಲ್ಲಿ ತಿರುಗಿಸಿದೆ.

"ಏನ್ರೀ ಇದು! ಯಾಕ್ರೀ ನಿಲ್ಲಿಸಿದ್ರಿ?" ಎಂದು ಅವರು ತಿರುಗಿದರು.

"ಒಳಗೆ ಪೈಪ್ ಹಿಡೀತಾರೇನ್ರೀ ಹೊಸ ಗಾಡಿಗೆ? ಬುದ್ಧಿ ಬೇಡ್ವಾ?"

"ಶುಕ್ರವಾರ ಪೂಜೆ ಮಾಡ್ಬೇಡ್ವಾ? ನೀವು ನಿಮ್ಮ ವ್ಯಾನ್ ತೊಳೆಯೋದನ್ನ ನಾನೇ ನೋಡಿದೀನಿ ಕಣ್ರೀ!"

"ನೋಡಿದೀರಲ್ಲ, ಇದನ್ನೂ ನೋಡಿ" ಎಂದು ಡಬ್ಬಿ ತೆಗೆದು ಅವರ ಒದ್ದೆ ಕೈಗಿಟ್ಟೆ. ಹಸಿರು ಕಿಲುಬನ್ನೂ ಕೆಂಪು ಕಲೆಯನ್ನೂ ತೋರಿಸಿದೆ. ಪೈಪು ಬೇಡವೆಂದು ಡ್ರೈವರು ಹೇಳಿದ್ದು, ನಾನು ಅವನನ್ನು ಗದರಿಸಿ ಪಕ್ಕಕ್ಕೆ ಸರಿಸಿದ್ದು, ಮೆಕ್ಯಾನಿಕ್ಕು ಹೇಳಿದ ನಿಜ, ಫೋನಿನಲ್ಲಿ ನಾನು ಹೇಳಿದ ಸುಳ್ಳು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಡಬ್ಬಿಯನ್ನು ನೋಡಿದರು, ತಮ್ಮ ಪಿಕಪ್ಪಿನ ಮೂಲೆಯನ್ನು ನೋಡಿದರು, ಹೆಗಲ ಮೇಲಿನ ಟವೆಲ್ಲನ್ನೇ ತೆಗೆದು ಆ ನೀರು ಒರೆಸತೊಡಗಿದರು.

"ಅಷ್ಟು ತಿಳಿದಿರೋ ಡ್ರೈವರನ್ನ ನೀವು ಬೇಡ ಅಂದ್ರಿ ಅಂತ ನಾನು ಬಿಟ್ನಲ್ರೀ" ಎಂದು ಬಗ್ಗಿದಲ್ಲಿಂದಲೇ ಬೈದರು. "ಎಂಥ ಮನುಷ್ಯರು ನೀವು! ಕಳಿಸ್ರಿ ಅವನ್ನ."

"ಕಳಿಸೋಕೆ ಅವನು ನನ್ನ ಆಳಲ್ಲ. ನೀವೇ ಹೋಗಿ ಕರೀರಿ" ಎಂದು ಅಂಗಡಿಯ ಗುರುತು ಹೇಳಿ ಬಂದೆ. ಅವರು ಬೈದದ್ದು ನನಗೆ ಹಿತವಾಗಿತ್ತು. ಟೀ ಅಂಗಡಿಯವರಿಗಿಂತ ಅವರೇ ಮೇಲು.

ಅವನು ಆ ಪಿಕಪ್ಪಿಗೆ ಸೇರಿದ. 'ಹೇಳಿದ ಮ್ಯಾಲ ಬರ್ರಿ' ಎಂದಿದ್ದನಲ್ಲ, ಅವನ ಮನೆಗೆ ಒಮ್ಮೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಆತ್ರಿ" ಎಂದ. ಅವನ ಹೆಂಡತಿ ನೀರು ತಂದಳು, ಕುಡಿದು ಬಂದೆ. ಆಮೇಲೆ ಕಾರ್ಡ್ ರೋಡಿನಲ್ಲಿ ಎಷ್ಟೋ ಸಲ ಅವನ ಪಿಕಪ್ಪು ನಮ್ಮ ವ್ಯಾನಿನ ಪಕ್ಕದಲ್ಲೇ ಹಾದುಹೋಗಿದೆ. ಕಿಟಕಿಯಿಂದ ಹಾಡು ಕೇಳಿಸುತ್ತದೆ. ಬೇರೆ ಪರಿಚಯದವರಿಗೆ ಸಣ್ಣಗೆ ಹಾರ್ನು ಹೊಡೆದು ಕೈಯೆತ್ತುವುದು ಅವನ ಅಭ್ಯಾಸ. ನನ್ನನ್ನು ಕಂಡಾಗ ಹೊಡೆಯುವುದಿಲ್ಲ. ನಾನು ಕೈಯೆತ್ತುತ್ತೇನೆ. ಅವನು ರಸ್ತೆ ನೋಡಿಕೊಂಡು ಹೋಗುತ್ತಾನೆ.